ಹೊಟ್ಟೆಯ ಅಂಕಿ ಎಷ್ಟು? ವಪೆಯ ಹರ್ನಿಯಾ ಆಪರೇಷನ್ ಆದ ಮೇಲಿನ ಮೊದಲ ರಾತ್ರಿ

ಎಲ್ಲರಿಗೂ ನಮಸ್ಕಾರ. ಹುಟ್ಟಿನಿಂದ ಬರುವ ವಪೆಯ ಹರ್ನಿಯಾ, ನಾವೆಲ್ಲ ಸಿಡಿಎಚ್ ಎನ್ನುವ ಕಾಯಿಲೆ, ಏನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯಲ್ಲಿ ತೂತು, ಹತ್ತರಲ್ಲಿ ಎಂಟು ಮಕ್ಕಳಿಗೆ ಎಡಗಡೆ, ಕರುಳೂ ಗುಲ್ಮವೂ ಕೆಲವೊಮ್ಮೆ ಯಕೃತ್ತೂ ಎದೆಯಲ್ಲಿ, ಶ್ವಾಸಕೋಶ ಚಿಕ್ಕದು, ಅದರ ರಕ್ತನಾಳಗಳು ಬಿಗಿ. ಆಪರೇಷನ್‌ಗೆ ಮೊದಲು ಏನು ಮಾಡಬೇಕೆಂಬುದರ ಮೇಲೆ ಬೆಳಗ್ಗೆಯಿಂದ ಮೂರು ಉಪನ್ಯಾಸ ಆಗಿವೆ. ನನ್ನದು ಆಪರೇಷನ್ ಮುಗಿದ ರಾತ್ರಿಯ ಕಥೆ, ಆ ರಾತ್ರಿ ಹೊಟ್ಟೆಯೊಳಗೆ ಏರುವ ಒತ್ತಡದ, ಅದನ್ನು ಅಳೆದ ಅಂಕಿಯ ಕಥೆ.

ಮಗು ಎನ್‌ಐಸಿಯುಗೆ (ನವಜಾತರ ತೀವ್ರನಿಗಾ ಘಟಕ) ವಾಪಸ್ ಬಂದಿದೆ. ಮೊದಲ ಕೆಲವು ಗಂಟೆ ಚೆನ್ನಾಗಿದೆ, ಎಲ್ಲರ ಮುಖದಲ್ಲೂ ಸಮಾಧಾನ. ಆಮೇಲೆ ರಕ್ತದ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಏರುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಕಾಲುಗಳ ಚರ್ಮ ಮಚ್ಚೆಮಚ್ಚೆಯಾಗಿ ಬಣ್ಣಗೆಡುತ್ತದೆ. ಆಗ ನಾವು ಏನು ಮಾಡುತ್ತೇವೆ? ಎದೆಯ ಎಕ್ಸ್‌ರೇ. ಅದರಲ್ಲಿ ಆಪರೇಷನ್ ಆದ ಕಡೆ ಕಪ್ಪಗೆ ಖಾಲಿ ಜಾಗ ಕಾಣುತ್ತದೆ, ಗಾಬರಿಯಾಗುತ್ತದೆ, ಯಾರೋ ಒಬ್ಬರು ಎದೆಗೆ ಟ್ಯೂಬ್ ಹಾಕೋಣವೇ ಎನ್ನುತ್ತಾರೆ. ಆಮೇಲೆ ಎಕೋ, ಹೃದಯದ ಸ್ಕ್ಯಾನ್. ಆಮೇಲೆ ಶ್ವಾಸಕೋಶದ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲ, 20 ಪಿಪಿಎಂ. ಆಮೇಲೆ ರಕ್ತದೊತ್ತಡ ಏರಿಸುವ ಡೋಪಮಿನ್. ಇಷ್ಟೆಲ್ಲ ಆದ ಮೇಲೆ ಬೆಳಗಿನ ಜಾವ ಯಾರೋ ಹೊದಿಕೆ ಸರಿಸಿ, ಹೊಟ್ಟೆಯ ಮೇಲೆ ಬೆರಳಿಟ್ಟು, "ಸ್ವಲ್ಪ ಗಟ್ಟಿ ಇದೆ ಅಲ್ಲವೇ" ಎನ್ನುತ್ತಾರೆ.

ಈ ಸರದಿ ತಲೆಕೆಳಗಾಗಬೇಕು, ಅದಕ್ಕಾಗಿಯೇ ಇವತ್ತು ನಿಂತಿದ್ದೇನೆ. ಉಸಿರಿನ ಕೊಳವೆ ಜಾರಿದೆಯೇ, ಕಟ್ಟಿದೆಯೇ, ಇನ್ನೊಂದು ಕಡೆಯ ಎದೆಯಲ್ಲಿ ಗಾಳಿ ಸೇರಿದೆಯೇ, ಯಂತ್ರ ಕೆಟ್ಟಿದೆಯೇ ಎಂದು ಮೊದಲ ಎರಡು ನಿಮಿಷ ನೋಡಿ. ಅದು ಬಿಡುವಂತಿಲ್ಲ. ಮೂರನೇ ನಿಮಿಷಕ್ಕೆ ಕೇಳಬೇಕಾದ ಪ್ರಶ್ನೆ: ಹೊಟ್ಟೆಯ ಅಂಕಿ ಎಷ್ಟು? ಗಟ್ಟಿಯೋ ಮೆತ್ತಗೋ ಎಂದು ನಾನು ಕೇಳುತ್ತಿಲ್ಲ. ಅಂಕಿ ಎಷ್ಟು?

ಒತ್ತಡ ಯಾಕೆ ಏರುತ್ತದೆ ಎನ್ನುವುದು ಸರಳ. ಗರ್ಭದಲ್ಲಿ ಕರುಳು ಎದೆಯಲ್ಲಿ ಬೆಳೆಯಿತು, ಹೊಟ್ಟೆ ಅದಿಲ್ಲದೆಯೇ ಬೆಳೆಯಿತು. ಅದಕ್ಕೇ ಈ ಮಕ್ಕಳ ಹೊಟ್ಟೆ ಹುಟ್ಟುವಾಗ ಒಳಕ್ಕೆ ಸೆಳೆದುಕೊಂಡಿರುತ್ತದೆ. ನಾವು ಆಪರೇಷನ್ ಮಾಡಿ, ಆ ಹೊಟ್ಟೆ ಎಂದೂ ಹೊರದ ಸಾಮಾನನ್ನೆಲ್ಲ ಒಂದೇ ಗಂಟೆಯಲ್ಲಿ ಅದಕ್ಕೆ ತುಂಬುತ್ತೇವೆ. ಮೇಲೆ ವಪೆಯನ್ನು ಎಳೆದು ಹೊಲಿಯುತ್ತೇವೆ. ಎಳೆದು ಚಪ್ಪಟೆ ಮಾಡಿದ ವಪೆ ಹೊಟ್ಟೆಯ ಜಾಗವನ್ನು ಇನ್ನಷ್ಟು ಕಿತ್ತುಕೊಳ್ಳುತ್ತದೆ. ಅದಾದ ಮೇಲೆ ಕರುಳು ಊದುತ್ತದೆ. ಕೈಯಾಡಿಸಿದ ಕರುಳು, ಸೋರುವ ಸೂಕ್ಷ್ಮನಾಳಗಳು, ನಾವು ಕೊಡುವ ದ್ರವ, ಚಲನೆ ನಿಂತ ಕರುಳಿನಲ್ಲಿ ಸೇರುವ ಗಾಳಿ, ಎಲ್ಲ ಕೂಡಿ ಮೊದಲ 24ರಿಂದ 48 ಗಂಟೆ ಒತ್ತಡ ಏರುತ್ತಲೇ ಇರುತ್ತದೆ. ಟೇಬಲ್ ಮೇಲೆ ಸರಿಯಾಗಿದ್ದ ಹೊಟ್ಟೆ ಮಧ್ಯರಾತ್ರಿಗೆ ಸರಿ ಇರಬೇಕೆಂದಿಲ್ಲ. ಟೇಬಲ್ ಮೇಲಿನ ಅಂಕಿ ಆರಂಭ ಮಾತ್ರ.

ಒತ್ತಡ ಏರಿದಾಗ ಮೊದಲು ಕೆಳಗಿನ ಮಹಾಸಿರೆ ಅಮುಕುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡದ ಸಿರೆ ಅಮುಕುತ್ತದೆ, ಮೂತ್ರ ನಿಲ್ಲುತ್ತದೆ. ಹೊಸದಾಗಿ ಹೊಲಿದ ವಪೆ ಮೇಲಕ್ಕೆ ತಳ್ಳಲ್ಪಡುತ್ತದೆ, ಶ್ವಾಸಕೋಶ ಹಿಗ್ಗುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ರಕ್ತ ಆಮ್ಲವಾಗುತ್ತದೆ, ಶ್ವಾಸಕೋಶದ ರಕ್ತನಾಳ ಇನ್ನೂ ಬಿಗಿಯಾಗುತ್ತದೆ, ಶ್ವಾಸಕೋಶದ ಧಮನಿಯನ್ನು ಮಹಾಧಮನಿಗೆ ಜೋಡಿಸುವ ಡಕ್ಟಸ್ ಎಂಬ ಗರ್ಭಕಾಲದ ನಾಳದ ಮೂಲಕ ನೀಲಿರಕ್ತ ಕೆಳದೇಹಕ್ಕೆ ಹರಿಯುತ್ತದೆ. ನೋಡಿ, ಹೊಟ್ಟೆಯಲ್ಲಿ ಹುಟ್ಟಿದ ತೊಂದರೆ ಕೊನೆಗೆ ಎಕೋದಲ್ಲಿ ಪಲ್ಮನರಿ ಹೈಪರ್‌ಟೆನ್ಷನ್ ಎಂಬ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಹೊಟ್ಟೆ ಬಿಗಿಯಾಗಿಯೇ ಇರುವಾಗ ನೈಟ್ರಿಕ್ ಆಕ್ಸೈಡ್ ಎಷ್ಟು ಕೊಟ್ಟರೂ ಕಾರಣ ಅಲ್ಲೇ ಕೂತಿರುತ್ತದೆ.

ಆಪರೇಷನ್ ಆದ ಮೇಲೆ ಶ್ವಾಸಕೋಶ ಹಿಗ್ಗುವುದು ಸುಧಾರಿಸುತ್ತದೆ ಎಂದೇ ಎಲ್ಲರೂ ನಂಬಿದ್ದ ಕಾಲವಿತ್ತು. 1987ರಲ್ಲಿ ಟೊರಾಂಟೊದವರು ಆಪರೇಷನ್‌ಗೆ ಮುಂಚೆ, ಆದ ಮೇಲೆ, ಎರಡೂ ಸಲ ಅಳೆದು ನೋಡಿ, ಹೆಚ್ಚಿನ ಮಕ್ಕಳಲ್ಲಿ ಅದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ತುರ್ತಾಗಿ ಆಪರೇಷನ್ ಮಾಡುವ ರೂಢಿ ಬಿಟ್ಟು, ಮಗು ಸ್ಥಿರವಾಗುವವರೆಗೆ ಕಾಯುವ ಪದ್ಧತಿಗೆ ಅದೂ ಒಂದು ಕಾರಣ. ಆ ಪಾಠದ ಅರ್ಧ ಭಾಗವನ್ನಷ್ಟೇ ನಾವು ಕಲಿತೆವು. ಕಾಯುವುದನ್ನು ಕಲಿತೆವು, ಆಮೇಲೆ ಅಳೆಯುವುದನ್ನು ಕಲಿಯಲಿಲ್ಲ.

ಈಗ ಅಳೆಯುವ ವಿಧಾನ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ತಪ್ಪಾದ ಅಂಕಿ ಇರುವುದಕ್ಕಿಂತ ಅಂಕಿ ಇಲ್ಲದಿರುವುದೇ ಮೇಲು. ಮೂತ್ರಕೋಶದ ಮೂಲಕ ಅಳೆಯುತ್ತೇವೆ. ಮೂತ್ರ ಹೊರಬಿಡುವ ನಳಿಕೆ, ಕ್ಯಾತಿಟರ್, ಹೇಗೂ ಇರುತ್ತದೆ. ಅದಕ್ಕೆ ಮೂರುದಾರಿಯ ಸ್ಟಾಪ್‌ಕಾಕ್, ಅದರಿಂದ ಒತ್ತಡವನ್ನು ಅಂಕಿಯಾಗಿ ತೋರಿಸುವ ಟ್ರಾನ್ಸ್‌ಡ್ಯೂಸರ್. ಕ್ಯಾತಿಟರ್ ಮತ್ತು ನಳಿಕೆಯ ಒಳಗಿನ ಜಾಗ ಮೊದಲು ಸಲೈನ್‌ನಿಂದ ತುಂಬಿಸಿ, ಒಂದು ಗುಳ್ಳೆಯೂ ಉಳಿಯಬಾರದು. ಮೂತ್ರಕೋಶ ಖಾಲಿ ಮಾಡಿ. ಆಮೇಲೆ ಕೆ.ಜಿ.ಗೆ 1 ಮಿ.ಲೀ., ಕನಿಷ್ಠ 3 ಮಿ.ಲೀ., ಕ್ರಿಮಿರಹಿತ ಸಲೈನ್ ಒಳಗೆ ಬಿಡಿ. ಮೂರು ಕೆ.ಜಿ. ಮಗುವಿಗೆ ಮೂರೇ ಮಿ.ಲೀ. ದೊಡ್ಡವರ ವಾರ್ಡಿನಲ್ಲಿ ಕಲಿತ ಕೈ ಇಲ್ಲಿ 25 ಮಿ.ಲೀ. ಬಿಟ್ಟರೆ ನೀವು ಹೊಟ್ಟೆಯನ್ನು ಅಳೆಯುತ್ತಿಲ್ಲ, ಹಿಗ್ಗಿದ ಮೂತ್ರಕೋಶವನ್ನು ಅಳೆಯುತ್ತಿದ್ದೀರಿ. ಸಲೈನ್ ತಣ್ಣಗಿದ್ದರೆ ಮೂತ್ರಕೋಶ ಸೆಟೆದುಕೊಂಡು ಅಂಕಿ ಸುಳ್ಳೇ ಏರುತ್ತದೆ, ಬೆಚ್ಚಗಿರಲಿ. ಬಿಟ್ಟ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ.

ಸೊನ್ನೆ ಎಲ್ಲಿ? ಸೊಂಟದ ಎಲುಬಿನ ಮೇಲಂಚಿನ ಮಟ್ಟದಲ್ಲಿ, ಕಂಕುಳ ನಡುಗೆರೆ ಹಾದುಹೋಗುವ ಜಾಗ. ಅಲ್ಲಿ ಚರ್ಮದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿಬಿಡಿ, ಮುಂದಿನ ಪಾಳಿಯವರೂ ಅದೇ ಗುರುತಿಗೆ ಸೊನ್ನೆ ಮಾಡಲಿ. ಇದು ಯಾಕೆ ಅಷ್ಟು ಮುಖ್ಯ ಎಂದರೆ, ಒಂದು ಸೆಂ.ಮೀ. ನೀರು ಎಂದರೆ 0.74 ಮಿ.ಮೀ. ಪಾದರಸ. ಟ್ರಾನ್ಸ್‌ಡ್ಯೂಸರ್ 5 ಸೆಂ.ಮೀ. ಕೆಳಗೆ ಜಾರಿದರೆ ಅಂಕಿ ಸುಮಾರು 3.7ರಷ್ಟು ಹೆಚ್ಚು ತೋರಿಸುತ್ತದೆ. ದೊಡ್ಡವರಲ್ಲಿ ಅದು ಸಣ್ಣ ತಪ್ಪು. ಹತ್ತೇ ಗಡಿಯಾಗಿರುವ ಮಗುವಿನಲ್ಲಿ ಅದು ಮತ್ತೆ ಥಿಯೇಟರಿಗೆ ಒಯ್ಯುವ, ಒಯ್ಯದಿರುವ ಪ್ರಶ್ನೆ. ಮಗು ಸಪಾಟಾಗಿ ಮಲಗಿರಬೇಕು, ಅಳುತ್ತಿರಬಾರದು, ತಿಣುಕುತ್ತಿರಬಾರದು. ಉಸಿರು ಪೂರ್ತಿ ಹೊರಹೋದ ಕ್ಷಣದ ಅಂಕಿ ಓದಿ. ಹೈ ಫ್ರೀಕ್ವೆನ್ಸಿ ವೆಂಟಿಲೇಟರ್‌ನಲ್ಲಿದ್ದರೆ ಆ ಕ್ಷಣವೇ ಇರುವುದಿಲ್ಲ, ಸರಾಸರಿ ಓದಿ, ಆದರೆ ಪ್ರತಿ ಸಲವೂ ಸರಾಸರಿಯನ್ನೇ ಓದಿ. ಕೊನೆಗೆ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ತೆರೆಯ ಮೇಲಿನ ಗೆರೆ ಅಲ್ಲಾಡದಿದ್ದರೆ ಆ ಅಂಕಿಯನ್ನು ಬರೆಯಬೇಡಿ.

ಟ್ರಾನ್ಸ್‌ಡ್ಯೂಸರ್ ಇಲ್ಲ ಎನ್ನುವವರಿಗೆ ನೆಪ ಸಿಗುವುದಿಲ್ಲ. ಸಲೈನ್ ತುಂಬಿದ ಅದೇ ನಳಿಕೆಯನ್ನು ನೆಟ್ಟಗೆ ಎತ್ತಿ ಹಿಡಿಯಿರಿ, ಮೇಲ್ತುದಿ ಗಾಳಿಗೆ ತೆರೆದಿರಲಿ. ನೀರಿನ ಕಂಬ ಗುರುತಿನಿಂದ ಎಷ್ಟು ಎತ್ತರ ನಿಲ್ಲುತ್ತದೆ ಎಂದು ಸ್ಕೇಲಿನಲ್ಲಿ ಅಳೆಯಿರಿ, 1.36ರಿಂದ ಭಾಗಿಸಿ. 19 ಸೆಂ.ಮೀ. ನಿಂತರೆ 14 ಮಿ.ಮೀ. ಪಾದರಸ. ಈ ಭಾಗಾಕಾರ ಮರೆತು 19 ಎಂದೇ ಚಾರ್ಟಿನಲ್ಲಿ ಬರೆದರೆ ಬೆಳಗ್ಗೆ ರೌಂಡ್ಸಿನಲ್ಲಿ ದೊಡ್ಡ ಗಲಾಟೆಯಾಗುತ್ತದೆ, ಮಗು ಮಾತ್ರ ನೆಮ್ಮದಿಯಾಗಿ ಮಲಗಿರುತ್ತದೆ. ಏಕಮಾನ ಬರೆಯಿರಿ.

ಇನ್ನು ಗಡಿ. ತೀವ್ರ ಅನಾರೋಗ್ಯದ ಮಕ್ಕಳಲ್ಲಿ 4ರಿಂದ 10 ಮಿ.ಮೀ. ಪಾದರಸ ಸಹಜ. 2013ರಲ್ಲಿ ಹೊಟ್ಟೆಯ ಒತ್ತಡದ ಜಾಗತಿಕ ಸಂಘದವರು ಪರಿಷ್ಕರಿಸಿದ ಒಮ್ಮತದಲ್ಲಿ ಮಕ್ಕಳಿಗೆ ಬೇರೆಯೇ ವ್ಯಾಖ್ಯೆ ಕೊಟ್ಟಿದ್ದಾರೆ: 10 ದಾಟಿ ನಿಂತಿದ್ದು, ಜೊತೆಗೆ ಒಂದು ಅಂಗ ಹೊಸದಾಗಿ ಕೈಕೊಟ್ಟರೆ ಅಥವಾ ಮೊದಲೇ ಇದ್ದ ತೊಂದರೆ ಹೆಚ್ಚಾದರೆ, ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ದೊಡ್ಡವರಿಗೆ ಅದೇ ಗಡಿ 20. ಗ್ಯಾಸ್ಟ್ರೋಸ್ಕಿಸಿಸ್, ಅಂದರೆ ಹೊಕ್ಕುಳ ಪಕ್ಕದ ತೂತಿನಿಂದ ಕರುಳು ಹೊರಬಂದದ್ದನ್ನು, ಮುಚ್ಚುವವರ ಹಳೆಯ ಪಾಠದಲ್ಲೂ 20 ಎಂದೇ ಇದೆ, ಇಂದಿಗೂ ಅದೇ ತಲೆಯಲ್ಲಿದೆ. ಅದನ್ನು ಈ ಮಗುವಿಗೆ ಹಾಕಬೇಡಿ. ಲೆಕ್ಕ ನೋಡಿ: ಸರಾಸರಿ ರಕ್ತದೊತ್ತಡ 42, ಹೊಟ್ಟೆ 14. ಕರುಳಿಗೂ ಮೂತ್ರಪಿಂಡಕ್ಕೂ ಉಳಿದದ್ದು 28. ಹೊಟ್ಟೆ 20 ಆದರೆ 22. ದೊಡ್ಡವರಲ್ಲಿ ಈ ಉಳಿಕೆ 60 ಇರಲಿ ಎನ್ನುತ್ತೇವೆ. ಈ ಮಗುವಿನ ಒಟ್ಟು ರಕ್ತದೊತ್ತಡವೇ ಅಷ್ಟಿಲ್ಲ. ಹಾಗಾಗಿ ಅಂಕಿಯ ಪಕ್ಕದಲ್ಲೇ ಸರಾಸರಿ ರಕ್ತದೊತ್ತಡ ಬರೆದು, ಕಳೆದು, ಉಳಿಕೆಯನ್ನೂ ಬರೆಯಿರಿ. ಮೊದಲ ಎರಡು ದಿನ ನಾಲ್ಕರಿಂದ ಆರು ಗಂಟೆಗೊಮ್ಮೆ. ಒಂದು ಅಂಕಿಗಿಂತ ಏರುತ್ತಿರುವ ಮೂರು ಅಂಕಿ ಹೆಚ್ಚು ಮಾತಾಡುತ್ತವೆ.

ಗಡಿಯಾರ ನೋಡುತ್ತಿದ್ದಾರೆ ಅಧ್ಯಕ್ಷರು. ನೋಡಲಿ. ಈಗ ನನಗೆ ಇಷ್ಟವಾದ ಕಥೆ ಹೇಳಲೇಬೇಕು.

1938ರ ಆಗಸ್ಟ್. ಬಾಸ್ಟನ್‌ನ ಮಕ್ಕಳ ಆಸ್ಪತ್ರೆ. ರಾಬರ್ಟ್ ಗ್ರಾಸ್, 33 ವಯಸ್ಸು, ಇನ್ನೂ ಚೀಫ್ ರೆಸಿಡೆಂಟ್. ಅವರ ಮುಖ್ಯಸ್ಥ ವಿಲಿಯಂ ಲ್ಯಾಡ್, ಹೌದು, ತಿರುಚಿದ ಕರುಳಿಗೆ ನಾವು ಮಾಡುವ, ದಿನಾ ಹೆಸರು ಹೇಳುವ ಲ್ಯಾಡ್ಸ್ ಆಪರೇಷನ್‌ನ ಲ್ಯಾಡ್, ರಜೆಯ ಮೇಲೆ ಹೋಗಿದ್ದರು. ಆ ಹೊತ್ತಿನಲ್ಲಿ ಗ್ರಾಸ್ ಏಳು ವರ್ಷದ ಒಂದು ಹುಡುಗಿಯ ಡಕ್ಟಸ್ ಕಟ್ಟಿಬಿಟ್ಟರು. ಯಶಸ್ವಿಯಾಗಿ ಹಾಗೆ ಕಟ್ಟಿದ್ದು ಅದೇ ಮೊದಲು. ಹುಡುಗಿ ಚೇತರಿಸಿಕೊಂಡಳು. ಮುಖ್ಯಸ್ಥರಿಗೆ ಖುಷಿಯಾಗಲಿಲ್ಲ ಎಂದು ಬಲ್ಲವರು ಬರೆದಿದ್ದಾರೆ, ಇಲ್ಲಿ ಕುಳಿತಿರುವ ರೆಸಿಡೆಂಟರು ಅದನ್ನು ಗಮನಿಸಿಕೊಳ್ಳಬೇಕು. ಅದೇ ಗ್ರಾಸ್ 1946ರಲ್ಲಿ, ಹುಟ್ಟಿ 24 ಗಂಟೆಯೂ ಆಗದ ಮಗುವಿನ ವಪೆಯ ಹರ್ನಿಯಾ ಸರಿಪಡಿಸಿದ್ದನ್ನು ವರದಿ ಮಾಡಿದರು. ಅದೂ ಮೊದಲನೆಯದು. ಅವರು ಕಟ್ಟಿ ಹೆಸರಾದ ಡಕ್ಟಸನ್ನು ಇಂದು ಇದೇ ಕಾಯಿಲೆಯ ಕೆಲವು ಮಕ್ಕಳಲ್ಲಿ ನಾವು ಪ್ರೊಸ್ಟಾಗ್ಲಾಂಡಿನ್ ಕೊಟ್ಟು ತೆರೆದಿಡುತ್ತೇವೆ, ಬಲಹೃದಯಕ್ಕೆ ಉಸಿರಾಡಲು ಒಂದು ಬಾಗಿಲಿರಲಿ ಎಂದು.

ಆದರೆ ನನ್ನ ಕಥೆಯ ಮುಖ್ಯ ಭಾಗ 1948. ಹೊಕ್ಕುಳಲ್ಲಿ ಕರುಳು ಚೀಲದೊಳಗೆ ಹೊರಚಾಚಿರುವ ದೊಡ್ಡ ಆಂಫಲೋಸೀಲ್ ಇರುವ ಮಕ್ಕಳ ಹೊಟ್ಟೆಯನ್ನು ಬಲವಂತವಾಗಿ ಮುಚ್ಚಿದರೆ ಉಳಿಯುವುದಿಲ್ಲ ಎಂಬುದನ್ನು ಕಂಡ ಗ್ರಾಸ್, ಸ್ನಾಯುವನ್ನು ಬಿಟ್ಟು ಚರ್ಮವನ್ನಷ್ಟೇ ಎಳೆದು ಹೊಲಿದರು. ಸ್ನಾಯುವಿನ ಹರ್ನಿಯಾ ಉಳಿಯಲಿ, ಮಗು ಬೆಳೆಯಲಿ, ತಿಂಗಳುಗಳ ಮೇಲೆ ಎರಡನೇ ಸಲ ಮುಚ್ಚೋಣ ಎಂದರು. 1967ರಲ್ಲಿ ಶೂಸ್ಟರ್ ಹೊರಗುಳಿದ ಕರುಳನ್ನು ಹಿಡಿದಿಡುವ ಪ್ಲಾಸ್ಟಿಕ್ ಹಾಳೆಯ ಚೀಲ ತಂದರು, ಇಂದಿನ ಸೈಲೋದ ಮೂಲಪುರುಷ ಅದು. ಅಂದರೆ ವಪೆಯ ಹರ್ನಿಯಾ ಮುಚ್ಚಲು ಕಲಿಸಿದ ಕೈಯೇ, ಹೊಟ್ಟೆಯ ಗೋಡೆಯನ್ನು ಮುಚ್ಚದೆ ಬಿಡುವುದನ್ನೂ ಎರಡೇ ವರ್ಷದಲ್ಲಿ ಕಲಿಸಿತು. ಮೊದಲನೆಯ ಪಾಠ ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಸೋಲು ಎಂದುಕೊಳ್ಳುತ್ತೇವೆ. ದೊಡ್ಡವರಲ್ಲೂ ಅಷ್ಟೇ: 1984ರಲ್ಲಿ ಕ್ರಾನ್ ಮತ್ತು ಸಂಗಡಿಗರು, ಮೂತ್ರಕೋಶದಲ್ಲಿ 25 ದಾಟಿ ಮೂತ್ರ ನಿಂತವರ ಹೊಟ್ಟೆ ಮತ್ತೆ ತೆರೆದರೆ ಮೂತ್ರ ಮರಳುತ್ತದೆ ಎಂದು ತೋರಿಸಿದರು. ಆ ಅಂಕಿ ಕೈಯಲ್ಲಿ ಇದ್ದದ್ದರಿಂದ ತೆರೆಯುವ ಧೈರ್ಯ ಬಂತು.

ಸರಿ, ಟೇಬಲ್‌ಗೆ ಬರೋಣ. ಹೊಟ್ಟೆ ಮುಚ್ಚುವ ಮೊದಲೇ ಕೆಲವು ಕೆಲಸ ಮಾಡಬಹುದು. ಮೂಗಿನ ಟ್ಯೂಬ್ 8 ಅಥವಾ 10 ಫ್ರೆಂಚ್, ಚೆನ್ನಾಗಿ ಎಳೆಯುತ್ತಿದೆಯೇ ನೋಡಿ. ಮಗುವಿನ ಮೊದಲ ಮಲವಾದ ಮೆಕೋನಿಯಂ ಅನ್ನು ದೊಡ್ಡಕರುಳಿನುದ್ದಕ್ಕೂ ಮೆಲ್ಲಗೆ ಕೆಳಕ್ಕೆ ಸರಿಸಿ ಖಾಲಿ ಮಾಡಿ. ಹೊಟ್ಟೆಯ ಗೋಡೆಯನ್ನು ಒಳಗಿನಿಂದ ಬೆರಳುಗಳಿಂದ ಹಿಗ್ಗಿಸಿ. ವಪೆಯಲ್ಲಿ ತೂತು ದೊಡ್ಡದಿದ್ದರೆ ಅದನ್ನು ಮುಚ್ಚುವ ತೇಪೆಯಾದ ಪ್ಯಾಚ್ ಅನ್ನು ಚಪ್ಪಟೆ ಎಳೆಯದೆ ಗುಮ್ಮಟದ ಆಕಾರದಲ್ಲಿ ಕೂರಿಸಿ. ಕರುಳಿಗೆ ಅಷ್ಟು ಜಾಗ ಸಿಗುತ್ತದೆ, ಹೊಲಿಗೆಯ ಮೇಲೆ ಎಳೆತವೂ ಕಡಿಮೆ. ಪ್ಯಾಚ್ ಹಾಕಿದರೆ ಮರ್ಯಾದೆ ಹೋಯಿತು ಎಂಬಂತೆ ಚಿಕ್ಕ ಅಂಚುಗಳನ್ನು ಎಳೆದೆಳೆದು ಹೊಲಿಯುವವರಿದ್ದಾರೆ. ಎಳೆತದ ಹೊಲಿಗೆ ಒಂದು ದಿನ ಬಿಡುತ್ತದೆ, ಅಷ್ಟರವರೆಗೆ ಮಗುವಿನ ಉಸಿರನ್ನೂ ಬಿಗಿ ಹಿಡಿದಿರುತ್ತದೆ. ಬಲಗಡೆಯ ಹರ್ನಿಯಾದಲ್ಲಿ ಯಕೃತ್ತನ್ನು ಕೆಳಗಿಳಿಸಿದಾಗ ಅದರ ಸಿರೆಗಳು ತಿರುಚಿಕೊಳ್ಳಬಹುದು, ರಕ್ತದೊತ್ತಡ ಥಟ್ಟನೆ ಇಳಿದರೆ ಮೊದಲು ಅದನ್ನು ಎತ್ತಿ ನೋಡಿ.

ಈಗ ಗೋಡೆ. ತುಂಬಿದ ಮೂಟೆಯ ಬಾಯಿ ಹೊಲಿಯುವ ಹಾಗೆ ಮೊಣಕೈ ಊರಿ ಹೊಲಿಯಬೇಡಿ. ಎರಡು ಮೂರು ಕಡೆ ಅಂಚುಗಳನ್ನು ತಾತ್ಕಾಲಿಕವಾಗಿ ಕೂಡಿಸಿ ಹಿಡಿದು ಐದು ನಿಮಿಷ ಕಾಯಿರಿ. ಆ ಐದು ನಿಮಿಷ ಅನಸ್ತೇಷಿಯಾದವರದ್ದು. ಅವರು ಗಟ್ಟಿಯಾಗಿ ಹೇಳಬೇಕು: ಉಸಿರಿನ ಒತ್ತಡ, ಪ್ರತಿ ಉಸಿರಿಗೆ ಹೋಗುವ ಗಾಳಿಯ ಪ್ರಮಾಣ ಅಂದರೆ ಟೈಡಲ್ ವಾಲ್ಯೂಮ್, ರಕ್ತದೊತ್ತಡ, ಬಲಗೈ ಮತ್ತು ಕಾಲು ಎರಡರ ಆಮ್ಲಜನಕ. ಇಲ್ಲೊಂದು ಬಲೆ ಇದೆ. ಪ್ರೆಷರ್ ಕಂಟ್ರೋಲ್‌ನಲ್ಲಿದ್ದರೆ ಒತ್ತಡ ಏರುವುದೇ ಇಲ್ಲ, ಯಂತ್ರ ಏರಲು ಬಿಡುವುದಿಲ್ಲ. ಟೈಡಲ್ ವಾಲ್ಯೂಮ್ ಸದ್ದಿಲ್ಲದೆ ಬೀಳುತ್ತದೆ. "ಪ್ರೆಷರ್ ಹಾಗೇ ಇದೆ, ಮುಚ್ಚಿ" ಎಂದು ಅನುಮತಿ ಕೊಟ್ಟವರು ತಪ್ಪು ಅಂಕಿ ನೋಡಿರುತ್ತಾರೆ. ಮಗು ಪೂರ್ತಿ ಸಡಿಲಗೊಂಡ ಸ್ಥಿತಿಯಲ್ಲಿ ಮೂತ್ರಕೋಶದ ಅಂಕಿ ಹತ್ತರೊಳಗಿದ್ದರೆ ಮುಚ್ಚಿ. ಹತ್ತರಿಂದ ಹದಿನೈದಾದರೆ ಇಬ್ಬರೂ ಸೇರಿ ಯೋಚಿಸಿ, ಏಕೆಂದರೆ ರಾತ್ರಿಗೆ ಅದು ಏರುತ್ತದೆ. ಹದಿನೈದು ದಾಟಿದರೆ ಮುಚ್ಚಬಾರದು ಎಂಬುದು ನನ್ನ ಅಭಿಪ್ರಾಯ. ಚರ್ಮ ಮಾತ್ರ ಹೊಲಿಯಿರಿ, ಅಥವಾ ಸ್ನಾಯುವಿನ ನಡುವೆ ಪ್ಯಾಚ್, ಅಥವಾ ಸೈಲೋ. ಆಯ್ಕೆ ನಿಮ್ಮದು. ಪ್ಯಾಚಿನ ವಪೆ ಇದ್ದಾಗ ಸೋಂಕಿನ ಭಯ ಹೆಚ್ಚು, ಹಾಗಾಗಿ ಚರ್ಮ ಕೂಡುವಂತಿದ್ದರೆ ನಾನು ಚರ್ಮವನ್ನೇ ಆರಿಸುತ್ತೇನೆ.

ಎದೆಯ ಸಣ್ಣ ರಂಧ್ರಗಳ ಮೂಲಕ ಥೊರಕೋಸ್ಕೋಪಿ ಮಾಡುವವರಿಗೆ ಒಂದೇ ಮಾತು: ಹೊಟ್ಟೆ ತೆರೆಯದೇ ಇದ್ದದ್ದರಿಂದ ಒತ್ತಡ ಏರದು ಎಂದಲ್ಲ. ಕರುಳು ಇಳಿದದ್ದು ಅದೇ ಚಿಕ್ಕ ಹೊಟ್ಟೆಗೇ. ನಿಮ್ಮ ಕೈಗೆ ಬಿಗಿತ ಸಿಗುವುದಿಲ್ಲ ಅಷ್ಟೇ. ನಿಮಗೆ ಅಂಕಿ ಇನ್ನೂ ಹೆಚ್ಚು ಬೇಕು.

ಹತ್ತು ನಿಮಿಷ ಎಂದು ಚೀಟಿ ಬಂದಿದೆ. ವಾರ್ಡಿನ ಭಾಗ ಓಡಿಸುತ್ತೇನೆ.

ಅಂಕಿ ಏರುತ್ತಿದೆ, ಇನ್ನೂ ಥಿಯೇಟರಿಗೆ ಹೋಗುವ ಹಂತವಿಲ್ಲ. ಮೊದಲು ಮೂಗಿನ ಟ್ಯೂಬಿಗೆ ಗಾಳಿ ಬಿಟ್ಟು ತೆರವಿದೆಯೇ ನೋಡಿ, ಸಿರಿಂಜ್‌ನಿಂದ ಎಳೆಯಿರಿ. ಕಟ್ಟಿದ ಟ್ಯೂಬೇ ಅನೇಕ ಸಲ ಇಡೀ ಕಥೆ. ಗುದದ್ವಾರದಿಂದ ಬೆಚ್ಚಗಿನ ಸಲೈನ್‌ನಲ್ಲಿ ತೊಳೆದು ಮೆಕೋನಿಯಂ ಹೊರಬರಲಿ. ನೋವಿಗೆ ಮತ್ತು ನಿದ್ದೆಗೆ ಕೊಡುವುದು ಸಾಕಾಗಿದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ. ಆಮೇಲೂ ಅಂಕಿ ಇಳಿಯದಿದ್ದರೆ ಸ್ನಾಯು ಸಡಿಲಿಸುವ ಔಷಧದ ಒಂದು ಡೋಸ್, ವೆಕುರೋನಿಯಂ ಕೆ.ಜಿ.ಗೆ 0.1 ಮಿ.ಗ್ರಾಂ., ಕೊಟ್ಟು ಮತ್ತೆ ಅಳೆಯಿರಿ. ಅಂಕಿ ಬಿದ್ದರೆ ಕೆಲವು ಗಂಟೆಗಳ ಸಮಯ ಸಿಕ್ಕಿತು. ಬೀಳದಿದ್ದರೆ ಅದು ನಿಜವಾದ ಬಿಗಿತ. ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯಲ್ಲಿ ದ್ರವ ನಿಂತಿದೆಯೇ ನೋಡಿ, ರಕ್ತವೂ ಇರಬಹುದು, ಗುಲ್ಮ ಇಳಿಸುವಾಗ ಗೀರಿರಬಹುದು. ದ್ರವವಾದರೆ ಹೊರತೆಗೆಯಿರಿ.

ಇನ್ನು ಮೂತ್ರ. ಗಂಟೆಗೆ ಕೆ.ಜಿ.ಗೆ 1 ಮಿ.ಲೀ.ಗಿಂತ ಕೆಳಗೆ ಬಂದ ಕೂಡಲೇ ಕೆ.ಜಿ.ಗೆ 10 ಮಿ.ಲೀ. ದ್ರವ ಒಮ್ಮೆಗೇ, ಅಂದರೆ ಬೋಲಸ್, ಇನ್ನೂ 10 ಮಿ.ಲೀ. ಬೋಲಸ್ ಎಂದು ಕೈ ಓಡುತ್ತದೆ. ಒಂದು ಸರಿ. ಎರಡನೆಯದಕ್ಕೆ ಮೊದಲು, ದಯವಿಟ್ಟು, ಹೊಟ್ಟೆಯ ಅಂಕಿ ಎಷ್ಟು? ಅಮುಕಿದ ಸಿರೆಯ ಮೂತ್ರಪಿಂಡಕ್ಕೆ ಬೋಲಸ್ ಹೋಗಿ ಏನೂ ಆಗುವುದಿಲ್ಲ, ಕರುಳಿಗೆ ಹೋಗಿ ಊತವಾಗುತ್ತದೆ, ಊತದಿಂದ ಒತ್ತಡ, ಒತ್ತಡದಿಂದ ಮೂತ್ರ ಇನ್ನೂ ಕಡಿಮೆ, ಅದಕ್ಕೆ ಮೂರನೇ ಬೋಲಸ್. ಇನ್ನೊಂದು ಮಾತು, ಕಾಲಿನ ಸಿರೆಯಲ್ಲಿ ಹಾಕಿದ ಲೈನಿಗೆ ತುರ್ತು ಔಷಧ ಕೊಡಬೇಡಿ. ಅಮುಕಿದ ಮಹಾಸಿರೆಯ ಕೆಳಗೆ ಅದು ತಡವರಿಸುತ್ತದೆ. ಮೇಲಿನ ಲೈನ್ ಬೇಕು.

ಎದೆಯ ಎಕ್ಸ್‌ರೇಯ ಆ ಕಪ್ಪು ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಸಹಜ. ಕರುಳು ಖಾಲಿ ಮಾಡಿಕೊಟ್ಟ ಜಾಗ, ದಿನಗಳಲ್ಲಿ ದ್ರವದಿಂದ ತುಂಬಿಕೊಳ್ಳುತ್ತದೆ. ಎದೆಯ ಮಧ್ಯಭಾಗ ಇನ್ನೊಂದು ಕಡೆಗೆ ತಳ್ಳಲ್ಪಟ್ಟಿಲ್ಲವಾದರೆ ಟ್ಯೂಬ್ ಬೇಡ. ಹಾಕಲೇಬೇಕಾದರೂ ಸಕ್ಷನ್ ಬೇಡ, ಮಧ್ಯಭಾಗವನ್ನೇ ಈಚೆಗೆ ಎಳೆದುಕೊಂಡು ಒಳ್ಳೆಯ ಶ್ವಾಸಕೋಶವನ್ನು ವಿಪರೀತ ಹಿಗ್ಗಿಸುತ್ತದೆ.

ರಕ್ತವನ್ನು ಹೊರತೆಗೆದು ಆಮ್ಲಜನಕ ಬೆರೆಸಿ ಮರಳಿಸುವ ಯಂತ್ರ, ಎಕ್ಮೋದಲ್ಲಿರುವ ಮಗುವಿನಲ್ಲಿ ಮೊದಲ ಸೂಚನೆ ಮೂತ್ರದಲ್ಲಿ ಅಲ್ಲ, ಪಂಪಿನಲ್ಲಿ. ಸಿರೆಯಿಂದ ಬರುವ ರಕ್ತ ಕಡಿಮೆಯಾಗಿ ನಳಿಕೆ ಅದುರುತ್ತದೆ, ಹರಿವು ಬೀಳುತ್ತದೆ. ಎಲ್ಲರೂ ಕ್ಯಾನುಲಾ ತಿರುಗಿಸುತ್ತಾರೆ, ದ್ರವ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಲ್ಲಿರುವ ಮಗುವಾದ್ದರಿಂದ ಹೊಟ್ಟೆಯೊಳಗಿನ ರಕ್ತಸ್ರಾವ ಮೊದಲು ನೆನಪಾಗಬೇಕು.

ಯಾವಾಗ ತೆರೆಯಬೇಕು? ಅಂಕಿ ಹತ್ತರ ಮೇಲೆ ನಿಂತಿದೆ, ಮೇಲಿನದೆಲ್ಲ ಮಾಡಿ ಆಯಿತು, ಅಂಗಗಳಿಗೆ ಆಮ್ಲಜನಕ ಸಾಲದ ಗುರುತಾದ ಲ್ಯಾಕ್ಟೇಟ್ ಏರುತ್ತಿದೆ, ಮೂತ್ರ ಇಲ್ಲ ಅಥವಾ ಕಾರ್ಬನ್ ಡೈಆಕ್ಸೈಡ್ 70 ಮಿ.ಮೀ. ಪಾದರಸ ದಾಟಿ ಇಳಿಯುತ್ತಿಲ್ಲ. ಆಗ ಕಾಯಬೇಡಿ. ಸಾಗಿಸಲಾಗದ ಮಗುವಾದರೆ ಬೆಡ್ಡಿನಲ್ಲೇ ತೆರೆಯಬಹುದು, ಅದಕ್ಕಾಗಿ ಮೊದಲ ರಾತ್ರಿ ಸೈಲೋ ಒಂದು, ಹೊಲಿಗೆ ಕತ್ತರಿಸುವ ಸೆಟ್ ಒಂದು ಹಾಸಿಗೆಯ ಬಳಿಯೇ ಇರಲಿ. ತೆರೆದ ಕೂಡಲೇ ರಕ್ತದೊತ್ತಡ ಕ್ಷಣಕಾಲ ಕುಸಿಯಬಹುದು, ಅಮುಕಿದ ಜಾಗದ ಆಮ್ಲವೆಲ್ಲ ಒಮ್ಮೆಗೆ ಹೊರಬರುತ್ತದೆ. ಬೋಲಸ್ ಒಂದು ಸಿರಿಂಜ್‌ನಲ್ಲಿ ಸಿದ್ಧವಿರಲಿ. ಆ ಬೋಲಸ್ ಬಗ್ಗೆ ನನ್ನ ಆಕ್ಷೇಪಣೆಯಿಲ್ಲ.

ತೆರೆದ ಹೊಟ್ಟೆಯಿಂದ ಶಾಖ, ನೀರು, ಪ್ರೋಟೀನ್ ಮೂರೂ ಸೋರುತ್ತವೆ. ಸೋರಿದ್ದನ್ನು ತೂಗಿ, ಲೆಕ್ಕ ಇಟ್ಟು ತುಂಬಿಸಬೇಕು. ಸೈಲೋ ನೆಟ್ಟಗೆ ತೂಗುಹಾಕಿರಲಿ, ವಾಲಿದರೆ ಬುಡದಲ್ಲಿ ಕರುಳು ಮಡಚಿಕೊಂಡು ಕಪ್ಪಾಗುತ್ತದೆ, ಪಾರದರ್ಶಕ ಚೀಲದ ಒಂದೇ ಉಪಕಾರ ಅದು ಕಾಣುವುದು, ಗಂಟೆಗೊಮ್ಮೆ ನೋಡಿ. ಊತ ಇಳಿದು, ಮೂತ್ರ ಹರಿದು, ತೂಕ ಕೆಳಗೆ ಬಂದ ಮೇಲೆ, ಸಾಮಾನ್ಯವಾಗಿ ಒಂದು ವಾರದೊಳಗೆ, ಮತ್ತೆ ಮುಚ್ಚುವ ಪ್ರಯತ್ನ, ಅದೇ ಐದು ನಿಮಿಷ, ಅದೇ ಅಂಕಿಗಳು.

ಹಾಲು ಶುರು ಮಾಡುವುದು, ರಿಫ್ಲಕ್ಸ್, ಆಮೇಲೆ ಕಾಣುವ ತೊಡೆಸಂದಿನ ಹರ್ನಿಯಾ, ಇವು ನನ್ನ ಚೀಟಿಯಲ್ಲಿವೆ, ಹೇಳಲು ಸಮಯವಿಲ್ಲ. ಒಂದನ್ನು ಮಾತ್ರ ಬಿಡುವಂತಿಲ್ಲ: ಚರ್ಮ ಮಾತ್ರ ಹೊಲಿದ ಮಗುವಿನ ತಾಯಿತಂದೆಗೆ ಹೊಟ್ಟೆಯ ಉಬ್ಬು ಏನೆಂದು ಅವತ್ತೇ ಹೇಳಿ, ಅಳುವಾಗ ಅದು ದೊಡ್ಡದಾಗುತ್ತದೆ, ಅದು ಸಹಜ ಎಂದು ಹೇಳಿ, ಮುಚ್ಚುವ ಆಪರೇಷನ್ ಬಾಕಿ ಇದೆ ಎಂದು ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲೇ ಬರೆಯಿರಿ. ಹಿಂದಿನ ಸಾಲಿನಲ್ಲಿ ಆಗಲೇ ಎರಡು ಕೈ ಎದ್ದಿವೆ, ಮೈಕ್ ಅವರಿಗೆ ಕೊಡಿ.